ಎರಡು ಊದು, ಎರಡು ಉಜ್ಜು

ನಮ್ಮವರಿಗೆ ನನಗಿಂತ ಮೊದಲೇ ಒಬ್ಬಳಿದ್ದಳು. ಹಸಿರು ಮೈ, ಉದ್ದ ಮೂಗು, ಬಾಯಿ ತೆರೆದಳೆಂದರೆ ಮೂರು ಬೀದಿಯಾಚೆಗೂ ಕೇಳಿಸುವ ಗಂಟಲು. ಮಲಗಲು ಅವಳಿಗೆ ಒಳಗೆ ಸ್ಪಂಜು ಹಾಕಿದ ಪೆಟ್ಟಿಗೆ, ಮೈ ಒರೆಸಲು ಬೇರೆಯೇ ಬಟ್ಟೆ. ಡ್ರಿಲ್ ಮಷಿನ್ ಅದು. ನಾನು ಸವತಿ ಎಂದೇ ಕರೆಯುತ್ತಿದ್ದೆ. ಅವಳು ಸುಟ್ಟುಹೋದ ಮೇಲೆ ಇನ್ನಿಬ್ಬರು ಬಂದರು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬಳ ಮೈಯನ್ನೂ ಮುಟ್ಟಲು ನಮ್ಮವರು ನನಗೆ ಬಿಡಲಿಲ್ಲ. ಕೊರೆಯುವ ಮೊನೆ, ಅಂದರೆ ಬಿಟ್, ಹೋಗಿ ಕಾಂಕ್ರೀಟಿನ ಒಳಗಿನ ಕಂಬಿಗೆ ಸಿಕ್ಕಿಕೊಂಡರೆ ಮಷಿನ್ನು ಮಣಿಕಟ್ಟನ್ನೇ ತಿರುವಿಬಿಡುತ್ತದೆ, ನಿನ್ನ ಕೈಯಲ್ಲಿ ಆಗುವುದಿಲ್ಲ ಎನ್ನುತ್ತಿದ್ದರು. ಅದೇ ಕೈಯಲ್ಲಿ ನಾನು ಮೂರನೇ ಮಹಡಿಗೆ ಬೋಲ್ಟಿನ ಮೂಟೆ ಹೊತ್ತುಕೊಂಡು ಹೋಗಬಹುದಿತ್ತು, ಅದಕ್ಕೇನೂ ಅಡ್ಡಿಯಿರಲಿಲ್ಲ.

ನಮ್ಮ ಕಸುಬು ಗೋಡೆಗೆ, ಕಾಂಕ್ರೀಟಿಗೆ ಬೋಲ್ಟು ಕೂರಿಸುವುದು. ನೀವು ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳುವ ಕಂಬಿ, ತಲೆಯ ಮೇಲೆ ನೇತಾಡುವ ಬೋರ್ಡು, ಅಂಗಡಿಯ ಮುಂದಿನ ತಗಡಿನ ಚಾವಣಿ, ಇವೆಲ್ಲ ನಿಮ್ಮ ತಲೆಗೆ ಬೀಳದೆ ನಿಂತಿರುವುದು ನಮ್ಮಂಥವರಿಂದ. ಸಣ್ಣ ಭಾರಕ್ಕೆ ಒಳಗೇ ಅರಳುವ ಬೋಲ್ಟು ಸಾಕು. ನಟ್ಟು ಬಿಗಿ ಮಾಡಿದಂತೆಲ್ಲ ಅದರ ತುದಿ ಉಬ್ಬಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ದೊಡ್ಡ ಭಾರಕ್ಕಾದರೆ ತೂತಿನೊಳಗೆ ಅಂಟು ತುಂಬಿ, ಬೋಲ್ಟನ್ನು ತಿರುಗಿಸುತ್ತಾ ಇಳಿಸಬೇಕು. ಅಂಟು ಗಟ್ಟಿಯಾದ ಮೇಲೆ ಆನೆ ಎಳೆದರೂ ಅದು ಬರಬಾರದು. ನಮ್ಮವರ ಬೋಲ್ಟು ಬರುತ್ತಲೂ ಇರಲಿಲ್ಲ. ಅದಕ್ಕೇ ಸೈಟುಗಳಲ್ಲಿ ಅವರಿಗೆ ಉಡ ಎಂದು ಹೆಸರು. ಉಡದ ಪಟ್ಟು ಗೊತ್ತಲ್ಲ, ಹಿಡಿದರೆ ಬಿಡುವ ಮಾತೇ ಇಲ್ಲ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಮ್ಮವರ ಎದೆ ಎರಡಂಗುಲ ಹಿಗ್ಗುತ್ತಿತ್ತು.

ಈಗ ಒಂದು ಗುಟ್ಟು ಹೇಳುತ್ತೇನೆ. ಕಾಂಕ್ರೀಟು ಕೊರೆದಾಗ ತೂತಿನೊಳಗೆ ಹಿಟ್ಟಿನಂಥ ಪುಡಿ ಉಳಿಯುತ್ತದೆ. ಅದನ್ನು ಪೂರ್ತಿ ತೆಗೆಯದಿದ್ದರೆ ಅಂಟು ಪುಡಿಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಗೋಡೆಯನ್ನಲ್ಲ. ಆದ್ದರಿಂದ ತಳದವರೆಗೆ ನಳಿಗೆ ಇಳಿಸಿ ಕೈಪಂಪಿನಿಂದ ಎರಡು ಸಲ ಊದಬೇಕು, ತಂತಿ ಬ್ರಷ್ಷು ಹಾಕಿ ಎರಡು ಸಲ ಉಜ್ಜಬೇಕು, ಮತ್ತೆ ಎರಡು ಸಲ ಊದಬೇಕು. ಆ ಕೆಲಸ ನನ್ನದು. ನಮ್ಮವರು ಕೊರೆದು ಮುಗಿಸಿ, ಸವತಿಯನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿ ಮಲಗಿಸಿ, ಅಂಟಿನ ಗನ್ನು ತೆಗೆದುಕೊಳ್ಳಲು ಆ ಕಡೆ ತಿರುಗುತ್ತಿದ್ದರು. ಗನ್ನಿನಿಂದ ಮೊದಲು ಬರುವ ಅಂಟು ಸರಿಯಾಗಿ ಬೆರೆತಿರುವುದಿಲ್ಲ, ಅದನ್ನು ಹಳೇ ಕಾಗದದ ಮೇಲೆ ಹಿಂಡಿ ಬಿಸಾಡುತ್ತಿದ್ದರು. ಅಷ್ಟರೊಳಗೆ ನಾನು ಊದಿ, ಉಜ್ಜಿ, ಊದಿ ಪಕ್ಕಕ್ಕೆ ಸರಿದಿರುತ್ತಿದ್ದೆ. ಅವರು ಈ ಕಡೆ ತಿರುಗಿದರೆ ತೂತು ಫಳಫಳ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಕಡೆಕಡೆಗೆ ನನಗೊಂದು ಅನುಮಾನ ಹುಟ್ಟಿತು. ಕೊರೆದ ತೂತು ತಾನಾಗಿಯೇ ಶುಚಿಯಾಗುತ್ತದೆ ಎಂದು ಈ ಮನುಷ್ಯ ನಿಜವಾಗಿಯೂ ನಂಬಿದ್ದಾರೆ.

ಅತ್ತೆಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ.

"ಚಿಕ್ಕೋನಿದ್ದಾಗಿಂದ್ಲೂ ಅವನು ಹಾಗೇ ಕಣೆ. ಚಪ್ಪಲಿಗಳು ತಾವೇ ಜೋಡಿಯಾಗಿ ಬಂದು ಬಾಗಿಲಲ್ಲಿ ನಿಂತ್ಕೋತಾವೆ ಅಂದ್ಕೊಂಡಿದ್ದ. ಮದುವೆಯಾಗೋವರ್ಗೂ ನಾನೂ ಬಾಯಿಬಿಡ್ಲಿಲ್ಲ. ನಿನಗೆ ಹಾಗೇ ಕೊಟ್ಟುಬಿಟ್ಟೆ."

ಆ ವರ್ಷ ಊರಾಚೆ ದೊಡ್ಡ ಬಸ್ ನಿಲ್ದಾಣ ಏಳುತ್ತಿತ್ತು. ಎರಡು ವರ್ಷದ ಕೆಲಸ. ಚಾವಣಿಯ ಭಾರವೆಲ್ಲ ಅಂಟಿನ ಬೋಲ್ಟುಗಳ ಮೇಲೆ. ಕಂಪನಿಯವರು ಹೊಸ ಕಾನೂನು ತಂದರು: ಪರೀಕ್ಷೆ ಪಾಸಾಗಿ ಫಿಕ್ಸರ್ ಕಾರ್ಡು ಪಡೆದವರಿಗೆ ಮಾತ್ರ ಗೇಟಿನೊಳಗೆ ಪ್ರವೇಶ, ಅವರ ಜೊತೆ ಒಬ್ಬ ಹೆಲ್ಪರ್ ಬರಬಹುದು. ಪರೀಕ್ಷೆಯೆಂದರೆ ಕಾಂಕ್ರೀಟಿನ ದಿಮ್ಮಿಗೆ ನಾಲ್ಕು ಬೋಲ್ಟು ಕೂರಿಸಬೇಕು, ಮೊದಲಿಂದ ಕೊನೆಯವರೆಗೆ ಒಬ್ಬರೇ. ಆಮೇಲೆ ಪರೀಕ್ಷಕರು ಎಳೆಯುವ ಯಂತ್ರ ಹಚ್ಚಿ ನಾಲ್ಕನ್ನೂ ಎಳೆಯುತ್ತಾರೆ. ಒಂದು ಕಿತ್ತುಬಂದರೂ ಫೇಲು. ಊರೂರು ತಿರುಗಿ ಬೋಲ್ಟು ಕೀಳುವ ಆ ಪರೀಕ್ಷಕರನ್ನು ನಮ್ಮ ಕಸುಬಿನವರು ಹಲ್ಲು ಡಾಕ್ಟರು ಎಂದು ಕರೆಯುತ್ತಿದ್ದರು.

ನನ್ನ ಹೊಟ್ಟೆಯೊಳಗಿನ ಮಾತು ಹೇಳಿಬಿಡುತ್ತೇನೆ. ಆ ಕಾರ್ಡು ನನಗೆ ಬೇಕಿತ್ತು, ನನ್ನ ಹೆಸರಿನಲ್ಲೇ ಬೇಕಿತ್ತು. ಇಷ್ಟು ವರ್ಷವೂ ನನ್ನ ಗೇಟ್ ಪಾಸಿನ ಮೇಲೆ ಹೆಸರಿರಬೇಕಾದ ಕಡೆ 'ಹೆಲ್ಪರ್' ಎಂದಷ್ಟೇ ಇರುತ್ತಿತ್ತು. ಒಂದು ಸೈಟಿನಲ್ಲಂತೂ ಕಾವಲುಗಾರ 'ಉಡ, ಜೊತೆಗೆ ಒಂದು' ಎಂದು ಬರೆದುಕೊಟ್ಟಿದ್ದ. ಒಂದು ಏನು? ಒಂದು ಕುರಿಯೋ, ಒಂದು ಕೊಡವೋ? ಆ ಚೀಟಿಯನ್ನು ನಾನು ಟ್ರಂಕಿನಲ್ಲಿ ಮಡಿಸಿಟ್ಟಿದ್ದೆ. ಸಿಟ್ಟು ಆರುತ್ತಾ ಬಂದಾಗಲೆಲ್ಲ ತೆಗೆದು ಓದಿಕೊಳ್ಳುತ್ತಿದ್ದೆ.

ಕಾಗದಪತ್ರ ಕಂಡರೆ ನಮ್ಮವರಿಗೆ ಮೈ ಉರಿ. ಮನೆಯ ಅರ್ಜಿಗಳನ್ನೆಲ್ಲ ತುಂಬುವವಳು ನಾನೇ. ಹೋಗಿ ಎರಡು ಅರ್ಜಿ ತಂದೆ. ಅದರಲ್ಲಿ ಕೊನೆಗೊಂದು ಅಂಕಣವಿತ್ತು: 'ಇವರ ಕೆಲಸವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಣ್ಣಾರೆ ನೋಡಿ ಬಲ್ಲೆ.' ಅದರ ಕೆಳಗೆ ಹಳೆಯ ಕೆಲಸಗಾರರೊಬ್ಬರು ಸಹಿ ಹಾಕಬೇಕು. ನಮ್ಮವರ ಅರ್ಜಿಗೆ ಮುದುಕ ಮೇಸ್ತ್ರಿಯೊಬ್ಬರಿಂದ ಸಹಿ ಮಾಡಿಸಿದೆ. ನನ್ನ ಅರ್ಜಿಯನ್ನು ಅದರ ಕೆಳಗೆ ಇಟ್ಟು, ನಮ್ಮವರು ರೇಡಿಯೋ ಬಿಚ್ಚಿಕೊಂಡು ಕೂತಿದ್ದ ಹೊತ್ತು ನೋಡಿ ಮುಂದೆ ಹಿಡಿದೆ. ಇಲ್ಲೊಂದು, ಇಲ್ಲೊಂದು, ಇಲ್ಲಿ ಇನ್ನೊಂದು ಎಂದು ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದರು. ಒಂದು ಸ್ಕ್ರೂ ಉರುಳಿ ಮಂಚದ ಕೆಳಗೆ ಹೋಗಿತ್ತು, ಅವರ ಕಣ್ಣೆಲ್ಲ ಅದರ ಮೇಲೇ.

ಅರ್ಜಿ ಹಾಕಿದ್ದೇನೋ ಆಯಿತು, ಸವತಿಯನ್ನು ಹಿಡಿಯುವುದು ಕಲಿಯಬೇಕಲ್ಲ. ಬೀದಿಯ ದೀಪದ ಕಂಬ ಬದಲಿಸಲು ಬಂದವರು ಮುರಿದ ಹಳೇ ಕಾಂಕ್ರೀಟ್ ಕಂಬವನ್ನು ನಮ್ಮ ಹಿತ್ತಲಿಗೆ ಉರುಳಿಸಿ ಹೋಗಿದ್ದರು. ಅತ್ತೆ ಅದರ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಭಾನುವಾರ ಮಧ್ಯಾಹ್ನ ನಮ್ಮವರು ಕ್ಷೌರದ ಅಂಗಡಿಗೆ ಇಸ್ಪೀಟಾಡಲು ಹೋಗುತ್ತಿದ್ದರು. ಅವರು ಆ ಕಡೆ ಹೋದರೆ ನಾನು ಈ ಕಡೆ ಪೆಟ್ಟಿಗೆ ಬಿಚ್ಚುತ್ತಿದ್ದೆ. ಮೊದಲ ತೂತು ಜಾರಿತು. ಎರಡನೆಯದು ಸೊಟ್ಟ. ಮೂರನೆಯದಕ್ಕೆ ಬಿಟ್ ಹೋಗಿ ಕಂಬಿಗೆ ಸಿಕ್ಕಿ, ಮಷಿನ್ನು ಗಕ್ಕನೆ ನಿಂತು ನನ್ನ ಮಣಿಕಟ್ಟನ್ನು ತಿರುವಿಬಿಟ್ಟಿತು. ಕೈ ಬಾತುಕೊಂಡಿತು. ದುಪ್ಪಟಿ ಹಿಂಡುವಾಗ ಉಳುಕಿತು ಎಂದು ನಮ್ಮವರಿಗೆ ಸುಳ್ಳು ಹೇಳಿದೆ. ಅವರು ಹೇಳುತ್ತಿದ್ದದ್ದು ನಿಜವೇ ಆಗಿತ್ತು ಎಂಬುದು ಕೈನೋವಿಗಿಂತ ಹೆಚ್ಚು ಉರಿಸಿತು.

ಬಿಡಲಿಲ್ಲ. ಮೈಯ ಭಾರ ಬಿಟ್ಟು, ಮೊಣಕೈ ಸೊಂಟಕ್ಕೆ ಊರಿ ಹಿಡಿಯುವುದು ಕಲಿತೆ. ಕಂಬಿ ತಾಗುವ ಸದ್ದು ಮೊದಲೇ ತಿಳಿಯತೊಡಗಿತು. ಸೈಟಿನಲ್ಲಿ ಉಳಿದ ಅರೆಬರೆ ಅಂಟಿನ ಟ್ಯೂಬುಗಳನ್ನು ತಂದು ಬೋಲ್ಟು ಕೂರಿಸಿದೆ. ಗಟ್ಟಿಯಾದ ಮೇಲೆ ನಟ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗಿ ನೋಡುತ್ತಿದ್ದೆ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಆಡಿಕೊಂಡರೂ ಸಂಜೆಯಾದರೆ ಬೋಲ್ಟುಗಳ ಮೇಲೆ ಕಂಬಳಿ ಹೊದೆಸಿ, ಅವುಗಳ ನಡುವೆ ಜಾಗ ಮಾಡಿಕೊಂಡು, ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ ಕೂತುಬಿಡುತ್ತಿದ್ದರು. ಮಗ ಕರೆದರೂ ಏಳುತ್ತಿರಲಿಲ್ಲ.

ಒಂದು ಭಾನುವಾರ ಇಸ್ಪೀಟಿನಲ್ಲಿ ಜಗಳವಾಗಿ ನಮ್ಮವರು ಬೇಗ ಬಂದುಬಿಟ್ಟರು. ಹಿತ್ತಲಲ್ಲಿ ನಾನು ಕೊರೆಯುತ್ತಿದ್ದೇನೆ. ಅತ್ತೆ ಮುಂಬಾಗಿಲಲ್ಲೇ ಅಡ್ಡಗಟ್ಟಿ, ಪಕ್ಕದ ಮನೆಯವರು ಏನೋ ಕೊರೆಸುತ್ತಿದ್ದಾರೆ, ನೀನು ನನ್ನ ಕಾಲುಗುರು ಕತ್ತರಿಸು ಬಾ ಎಂದು ಮೆಟ್ಟಿಲ ಮೇಲೆ ಕೂರಿಸಿಕೊಂಡರಂತೆ. ಉಗುರು ಕತ್ತರಿಸುತ್ತಾ ನಮ್ಮವರು ಕಿವಿಗೊಟ್ಟು ಕೇಳಿ, "ಯಾರಪ್ಪ ಅದು? ಕೈ ಚೆನ್ನಾಗಿದೆ" ಎಂದರಂತೆ. ಅತ್ತೆ ಬಂದು ಹೇಳಿದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಕೆಲಸವನ್ನು ಹೊಗಳಿದ್ದು ಅದೇ ಮೊದಲು, ಅದೂ ಪಕ್ಕದ ಮನೆಯವರ ಲೆಕ್ಕದಲ್ಲಿ.

ಅನ್ಯಾಯ ಹೇಳಬಾರದು, ಪುಡಿಯ ವಿಷಯ ನಾನು ಅವರಿಗೆ ಎರಡು ಸಲ ಎತ್ತಿದ್ದೆ. ಪರೀಕ್ಷೆಗೆ ಒಬ್ಬರೇ ಹೋಗಬೇಕು, ಊದುವುದು ಉಜ್ಜುವುದು ಒಂದು ಸಲ ಕೈಯಲ್ಲಿ ಮಾಡಿ ನೋಡಿ ಎಂದೆ.

"ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಬೋಲ್ಟಾದ್ರೂ ಹೊರಗೆ ಬಂದಿದ್ಯಾ? ತೂತಿನ ವಿಷ್ಯ ನನಗೆ ಹೇಳ್ಕೊಡ್ಬೇಡ" ಎಂದರು.

ಎರಡನೇ ಸಲ ಪಂಪನ್ನೇ ಕೈಗೆ ಕೊಡಲು ಹೋದೆ. ಅದು ನಿನ್ನ ಚೀಲದಲ್ಲೇ ಇರಲಿ ಎಂದರು. ಮೂರನೇ ಸಲ ನಾನು ಹೇಳಲಿಲ್ಲ. ಹೇಳಬಹುದಿತ್ತು. ಹೇಳಲು ಬಾಯಿ ತೆರೆದಾಗಲೆಲ್ಲ ಟ್ರಂಕಿನೊಳಗಿನ ಚೀಟಿ ನೆನಪಾಗಿ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಪರೀಕ್ಷೆಯ ದಿನ ಒಂದು ತಗಡಿನ ಶೆಡ್ಡಿನಲ್ಲಿ ಹನ್ನೆರಡು ಕಾಂಕ್ರೀಟ್ ದಿಮ್ಮಿಗಳನ್ನು ಸಾಲಾಗಿ ಇಟ್ಟು ನಂಬರು ಬರೆದಿದ್ದರು. ಎಲ್ಲವೂ ಒಂದೇ ದಿನ ಎರಕ ಹೊಯ್ದವು. ನಮ್ಮವರು ಸವತಿಯ ಪೆಟ್ಟಿಗೆ, ಗನ್ನು, ಬೋಲ್ಟು, ಪಾನಾ ಎಲ್ಲ ಎಣಿಸಿಕೊಂಡು ತೆಗೆದುಕೊಂಡರು. ಪಂಪು, ಬ್ರಷ್ಷು ನನ್ನ ಹೆಗಲಚೀಲದಲ್ಲೇ ಉಳಿದವು. ಕೇಳುತ್ತಾರೇನೋ ಎಂದು ಚೀಲದ ಬಾಯಿ ಬಿಚ್ಚಿಯೇ ಇಟ್ಟುಕೊಂಡು ನಿಂತೆ. ನೀರಿನ ಬಾಟ್ಲಿ ಹಿಡಿದುಕೊಂಡು ಇಲ್ಲೇ ಕೂತಿರು ಎಂದು ಬಾಗಿಲ ಹತ್ತಿರದ ಬೆಂಚು ತೋರಿಸಿ, ಆರನೇ ದಿಮ್ಮಿಗೆ ಹೊರಟುಹೋದರು.

ಹಲ್ಲು ಡಾಕ್ಟರು ಬಡಕಲು ಆಸಾಮಿ, ಮೊಸರಲ್ಲಿ ಕಲ್ಲು ಹುಡುಕುವ ಮುಖ. ಕೆಲಸ ಶುರುವಾದ ಮೇಲೆ ಯಾರೂ ಯಾರೊಂದಿಗೂ ಮಾತಾಡಕೂಡದು ಎಂದು ಮೊದಲೇ ಸಾರಿದರು. ಆಮೇಲೆ ಏಳನೇ ನಂಬರು ಎಂದು ಕೂಗಿದರು. ನಾನು ಎದ್ದು ಹೋಗಿ ನಮ್ಮವರ ಪಕ್ಕದ ದಿಮ್ಮಿಯ ಮುಂದೆ ನಿಂತೆ. ಸಾಮಾನು ತರದವರಿಗೆ ಗನ್ನು, ಬೋಲ್ಟಿನ ಜೊತೆ ಅಲ್ಲಿಯದೇ ಮಷಿನ್ನನ್ನೂ ಕೊಟ್ಟರು, ನೀಲಿ ಬಣ್ಣದ್ದು. ನಮ್ಮವರು ನನ್ನನ್ನು ನೋಡಿದರು, ಮಷಿನ್ನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಮಾತಾಡುವಂತಿಲ್ಲವಲ್ಲ, ಕಿವಿ ಮಾತ್ರ ಕೆಂಪಗಾದವು. ಬೆನ್ನು ನನ್ನ ಕಡೆ ಮಾಡಿ ಕೊರೆಯತೊಡಗಿದರು.

ಕೊರೆಯುವುದರಲ್ಲಿ ಅವರನ್ನು ಮೀರಿಸುವವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ, ಅದನ್ನು ಒಪ್ಪಲೇಬೇಕು. ನಾಲ್ಕು ತೂತೂ ನೂಲು ಹಿಡಿದಷ್ಟು ನೇರ. ಮೊದಲನೆಯದನ್ನು ಮುಗಿಸಿ ಸವತಿಯನ್ನು ಮಲಗಿಸಿದರು, ಆ ಕಡೆ ತಿರುಗಿ ಗನ್ನು ತೆಗೆದುಕೊಂಡರು, ಕಾಗದದ ಮೇಲೆ ಅಂಟು ಹಿಂಡಿದರು, ಈ ಕಡೆ ತಿರುಗಿದರು. ತಿರುಗಿ ಹಾಗೇ ನಿಂತರು. ಮನೆಯ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ನಿಂತವರ ಹಾಗೆ. ಬಗ್ಗಿ ತೂತಿನೊಳಗೆ ಬಾಯಿಂದ ಉಫ್ ಎಂದು ಊದಿದರು. ಪುಡಿಯೆಲ್ಲ ಎದ್ದು ನೇರ ಕಣ್ಣಿಗೆ ಬಂತು. ಕಣ್ಣುಜ್ಜಿಕೊಂಡು, ಉಳಿದ ಪುಡಿಯ ಮೇಲೆಯೇ ಅಂಟು ತುಂಬಿ ಬೋಲ್ಟು ಇಳಿಸಿದರು. ಮಿಕ್ಕ ಮೂರಕ್ಕೂ ಇದೇ ಕತೆ. ಪಾಪ ಎನಿಸಿತು. ಸುಳ್ಳು ಯಾಕೆ ಹೇಳಲಿ, ನಗುವೂ ಬಂತು. ತುಟಿ ಕಚ್ಚಿಕೊಂಡು ನನ್ನ ತೂತಿಗೆ ಪಂಪು ಇಳಿಸಿದೆ. ಎರಡು ಊದು, ಎರಡು ಉಜ್ಜು, ಎರಡು ಊದು.

ಅಂಟು ಗಟ್ಟಿಯಾಗುವವರೆಗೆ ಎಲ್ಲರನ್ನೂ ಹೊರಗೆ ಕಳಿಸಿದರು. ಬುತ್ತಿಯ ಡಬ್ಬಿ ಒಂದೇ ಇತ್ತು. ಒಂದೇ ಡಬ್ಬಿಯಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಉಂಡೆವು. ನಡುವೆ ಒಂದೇ ಸಲ, ಯಾವಾಗಿಂದ ಎಂದು ಕೇಳಿದರು. ಆರು ತಿಂಗಳಿಂದ, ನಿಮ್ಮಮ್ಮ ಕೂರುವ ಕಂಬದ ಮೇಲೆ ಎಂದೆ.

ಊಟವಾದ ಮೇಲೆ ಡಾಕ್ಟರು ಒಂದನೇ ದಿಮ್ಮಿಯಿಂದ ಶುರು ಮಾಡಿದರು. ಬೋಲ್ಟಿಗೆ ಯಂತ್ರ ಸಿಕ್ಕಿಸಿ ಹಿಡಿಕೆ ಒತ್ತಿದರೆ ಮುಳ್ಳು ಮೇಲೇರುತ್ತದೆ, ಕೆಂಪು ಗೆರೆ ದಾಟಿ ನಿಂತರೆ ಪಾಸು. ಆರನೇ ದಿಮ್ಮಿಗೆ ಬರುವಾಗ ಎಲ್ಲರೂ ಹತ್ತಿರ ಬಂದು ನಿಂತರು, ಉಡದ ಪಟ್ಟು ನೋಡಲು. ಮುಳ್ಳು ಅರ್ಧವೂ ಏರಿರಲಿಲ್ಲ. ಬೋಲ್ಟು ಹಾಲುಹಲ್ಲಿನ ಹಾಗೆ ಪುಳಕ್ಕೆಂದು ಬಂದುಬಿಟ್ಟಿತು. ಎರಡನೆಯದೂ ಬಂತು. ಮೂರನೆಯದು ಸ್ವಲ್ಪ ಯೋಚಿಸಿ ಬಂತು. ನಾಲ್ಕನೆಯದನ್ನು ಡಾಕ್ಟರು ಮುಟ್ಟಲೇ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಿಂದೆ ಯಾರೋ ಕಿಸಕ್ಕೆಂದರು, ನಾನು ತಿರುಗಿ ಗುರ್ರೆಂದು ನೋಡಿದೆ. ಅವರನ್ನು ನೋಡಿ ನಗುವ ಹಕ್ಕು ನನ್ನದು, ದಾರಿಹೋಕರದ್ದಲ್ಲ.

ಕಾಂಕ್ರೀಟು ಸರಿಯಿಲ್ಲ ಸರ್ ಎಂದರು ನಮ್ಮವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡಾಕ್ಟರು ಕಿತ್ತ ಬೋಲ್ಟನ್ನು ಅವರ ಅಂಗೈಗೆ ಹಾಕಿದರು. ಬೋಲ್ಟಿನ ಸುತ್ತ ಅಂಟು, ಅಂಟಿನ ಸುತ್ತ ಪೌಡರು ಬಳಿದುಕೊಂಡ ಮುಖದ ಹಾಗೆ ಬೂದು ಪುಡಿ.

ನನ್ನ ದಿಮ್ಮಿಗೆ ಯಂತ್ರ ಹಚ್ಚಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟರೆ ಮುಳ್ಳು ಕೆಂಪು ಗೆರೆಯಾಚೆ ನಿಂತಿತ್ತು. ಎರಡು, ಮೂರು, ನಾಲ್ಕು. ಒಂದೂ ಮಿಸುಕಲಿಲ್ಲ. ಡಾಕ್ಟರು ನಾಲ್ಕನೆಯದಕ್ಕೆ ಬೇಕೆಂದೇ ಇನ್ನೆರಡು ಸಲ ಹಿಡಿಕೆ ಒತ್ತಿ, ಸೋತು, ಬೆವರು ಒರೆಸಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಧೂಳು ಎಂದು ಎಲ್ಲರಿಗೂ ಹೇಳಿದೆ.

ಕಾರ್ಡು ಬರೆಯಲು ಕೂತ ಡಾಕ್ಟರ ಪೆನ್ನು ಅರ್ಜಿಯ ಕೊನೆಯ ಅಂಕಣದ ಮೇಲೆ ನಿಂತುಬಿಟ್ಟಿತು. ನಮ್ಮವರನ್ನು ಕರೆದರು. ಈ ಹೆಂಗಸಿನ ಕೆಲಸವನ್ನು ಕಣ್ಣಾರೆ ನೋಡಿ ಬಲ್ಲೆ ಎಂದು ಸಹಿ ಹಾಕಿದವರು ನೀವು, ನೀವೇ ಈಗ ಫೇಲಾಗಿದ್ದೀರಿ. ನಿಮ್ಮ ಬಾಯಿಂದಲೇ ಕೇಳಬೇಕು, ನೋಡಿದ್ದೀರೋ ಇಲ್ಲವೋ ಎಂದರು. ಇಲ್ಲ ಎಂದರೆ ಅರ್ಜಿಯೇ ರದ್ದು.

ನಾನು ಅಷ್ಟು ಜಾಣತನದಿಂದ ಹಾಕಿಸಿದ ಸಹಿ ನನ್ನ ಕುತ್ತಿಗೆಗೇ ಬಂದಿತ್ತು. ಓದದೆ ಸಹಿ ಹಾಕಿದೆ ಸರ್ ಎಂದು ಅವರು ಒಂದು ಮಾತು ಹೇಳಿದರೆ ಮುಗಿಯಿತು, ಅದು ನಿಜವೂ ಹೌದು. ಇಬ್ಬರಿಗೂ ಕಾರ್ಡಿಲ್ಲ, ಆ ಗೇಟಿನ ಮುಖವಿಲ್ಲ. ಇಷ್ಟು ಜನರೆದುರು ಮಾನ ಕಳೆದುಕೊಂಡ ಮನುಷ್ಯ ಏನು ಬೇಕಾದರೂ ಹೇಳಬಹುದು. ನಮ್ಮವರು ಅಂಗೈಯ ಬೋಲ್ಟನ್ನು ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಆ ಪುಡಿಯನ್ನು ಉಜ್ಜಿದರು. ನನ್ನ ಕೈಯಲ್ಲಿದ್ದ ಪಂಪಿನ ಕಡೆ ನೋಡಿದರು.

"ಸಹಿ ನಂದೇ ಸರ್" ಎಂದರು. ಬೋಲ್ಟನ್ನು ಮುಂದೆ ಚಾಚಿದರು. "ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಇದ್ದೆ, ಒಂದು ದಿನಾನೂ ತಿರುಗಿ ನೋಡಿರ್ಲಿಲ್ಲ. ಇವಳ ಕೆಲ್ಸ ಏನು ಅಂತ ಇವತ್ತು ನೋಡ್ದೆ. ಇಲ್ನೋಡಿ, ನನ್ನ ಕೈಯಲ್ಲೇ ಇದೆ."

ಡಾಕ್ಟರು ಬೋಲ್ಟನ್ನೂ ನೋಡಿದರು, ಅವರನ್ನೂ ನೋಡಿದರು. ಇದಕ್ಕಿಂತ ಸಾಕ್ಷಿ ಬೇಡ ಎಂದರು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆಗೆ ಬನ್ನಿ ಎಂದು ಅವರಿಗೆ ಹೇಳಿ, ನನ್ನ ಹೆಸರು ಕೇಳಿ, ಒಂದೊಂದೇ ಅಕ್ಷರ ಬರೆದರು.

ಮನೆಗೆ ಬಂದವರೇ ನಮ್ಮವರು ನೇರ ಹಿತ್ತಲಿಗೆ ಹೋಗಿ, ಅಮ್ಮಾ ಏಳು ಎಂದರು. ಅತ್ತೆ ಎದ್ದರು. ನಮ್ಮವರು ಕಂಬಳಿ ಸರಿಸಿ, ಪಾನಾಕ್ಕೆ ಪೈಪು ಸಿಕ್ಕಿಸಿ, ಒಂದೊಂದೇ ಬೋಲ್ಟನ್ನು ಜಗ್ಗುತ್ತಾ ಹೋದರು. ಆ ತುದಿಯ ಐದಾರು ಅಲ್ಲಾಡಿದವು. ಅದರಿಂದೀಚೆಗೆ ಒಂದೂ ಅಲ್ಲಾಡಲಿಲ್ಲ. ಅತ್ತೆ ಕಂಬಳಿ ಮಡಿಸುತ್ತಾ, ಇನ್ನಾದರೂ ಬೆನ್ನಿಗೆ ಒರಗಿಕೊಳ್ಳುವ ಕುರ್ಚಿ ತಂದುಕೊಡು, ಆರು ತಿಂಗಳಿಂದ ಬೋಲ್ಟು ಚುಚ್ಚಿ ಸಾಕಾಗಿದೆ ಎಂದರು.

ಬಸ್ ನಿಲ್ದಾಣದ ಗೇಟಿನಲ್ಲಿ ಕಾವಲುಗಾರ ನನ್ನ ಕಾರ್ಡು ನೋಡಿ, ನಮ್ಮವರ ಕಡೆ ಗದ್ದ ಎತ್ತಿ, ಇವರು ಯಾರು ಎಂದು ಕೇಳಿದ. 'ಜೊತೆಗೆ ಒಂದು' ಎನ್ನಲು ನನ್ನ ನಾಲಿಗೆ ಎಷ್ಟು ತುರಿಸಿತೆಂದು ನಿಮಗೆ ಹೇಗೆ ಹೇಳಲಿ. ನುಂಗಿಕೊಂಡೆ. ಅವರ ಪೂರ್ತಿ ಹೆಸರು ಹೇಳಿ ಪಾಸಿನಲ್ಲಿ ಬರೆಸಿದೆ.

ಮೊದಲ ತೂತು ಕೊರೆದು ಮಷಿನ್ನು ಕೆಳಗಿಟ್ಟೆ. ಗನ್ನು ತೆಗೆದುಕೊಳ್ಳಲು ಆ ಕಡೆ ತಿರುಗಬೇಕಿತ್ತು, ತಿರುಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆ. ನಮ್ಮವರು ಮಂಡಿಯೂರಿ ಎರಡು ಸಲ ಊದಿದರು, ಎರಡು ಸಲ ಉಜ್ಜಿದರು, ಮತ್ತೆ ಎರಡು ಸಲ ಊದಿದರು. ಹುಬ್ಬು, ರೆಪ್ಪೆ ಎಲ್ಲ ಬೂದು. ಸರಿಯಾಯಿತಾ ಎಂಬಂತೆ ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಬಗ್ಗಿ ಟಾರ್ಚು ಬಿಟ್ಟು ನೋಡಿದೆ. ಒಂದು ಚಿಟಿಕೆ ಪುಡಿಯೂ ಇರಲಿಲ್ಲ.

"ಇನ್ನೊಂದ್ಸಲ ಊದಿ ರೀ" ಎಂದೆ.